ಎಫ್ ಒತ್ತಿದರೆ ಒತ್ತಕ್ಷರ

ಮಂಗಳೂರಿನ ಯಾವುದಾದರೂ ಸರಕಾರಿ ಕಚೇರಿಗೆ ಹೋದಾಗ ಟೋಕನ್ ಹಿಡಿದು ಕಾಯುವ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತರ ಬೆರಳುಗಳನ್ನು ಸ್ವಲ್ಪ ಗಮನಿಸಬೇಕು. 'ಕನ್ನಡ' ಎಂದು ಬರೆಯಲು ಅವರು ಐದು ಕೀಲಿ ಒತ್ತುತ್ತಾರೆ: ಕೆ, ಎನ್, ಎಫ್, ಎನ್, ಡಬ್ಲ್ಯು. 'ಮಂಗಳೂರು' ಎಂದಾದರೆ ಏಳು. ಕನ್ನಡದ ಕೀಲಿಮಣೆ ಬೇರೆ ಬೇಕಾಗಿಲ್ಲ, ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಕೀಲಿಮಣೆಯೇ ಸಾಕು. ನಡುವಿನ ಆ ಎಫ್ ಮೊದಲು ಬಂದ ಅಕ್ಷರದ ಸ್ವರವನ್ನು ಕಿತ್ತು ಅರ್ಧ ಮಾಡುತ್ತದೆ, ಮುಂದಿನದು ತಾನಾಗಿ ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ದಿನಕ್ಕೆ ಸಾವಿರ ಸಲ ಎಫ್ ಒತ್ತುವ ಗುಮಾಸ್ತರನ್ನು ಈ ಉಪಾಯ ಯಾರದ್ದು ಎಂದು ಕೇಳಿದರೆ ಹೆಚ್ಚಿನವರು 'ನುಡಿ' ಎಂದು ತಂತ್ರಾಂಶದ ಹೆಸರು ಹೇಳುತ್ತಾರೆ. ಮನುಷ್ಯನ ಹೆಸರು ಬಾಯಿಗೆ ಬರುವುದಿಲ್ಲ.

ಆ ಮನುಷ್ಯ ಇದೇ ಊರಿನವರು. ಮಂಗಳೂರಿನಿಂದ ಮೂಡಬಿದಿರೆಯತ್ತ ಹೊರಟರೆ ಗುರುಪುರದ ಆಸುಪಾಸಿನಲ್ಲಿ ಸಿಗುವ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಪದ್ಮನಾಭ ರಾವ್, ಕೆ. ಪಿ. ರಾವ್. ಹುಟ್ಟಿದ್ದು ಫೆಬ್ರವರಿ 29ರಂದು, ಹಾಗಾಗಿ ಹುಟ್ಟುಹಬ್ಬವೂ ನಾಲ್ಕು ವರ್ಷಕ್ಕೊಮ್ಮೆ ಮಾತ್ರ. ಟಾಟಾ ಪ್ರೆಸ್, ಮೊನೊಟೈಪ್‌ನಂಥ ಮುದ್ರಣಲೋಕದ ಸಂಸ್ಥೆಗಳಲ್ಲಿ ಭಾರತೀಯ ಲಿಪಿಗಳ ಜೊತೆ ಗುದ್ದಾಡಿ, ಆಮೇಲೆ ಮಣಿಪಾಲದಲ್ಲಿ ನೆಲೆನಿಂತು, ಕನ್ನಡಕ್ಕೆ ಉಚ್ಚಾರಣೆಯನ್ನು ಹಿಂಬಾಲಿಸುವ ಕೀಲಿಮಣೆ ವಿನ್ಯಾಸ ಮಾಡಿದವರು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ರಾಜ್ಯ ಸರಕಾರ ಅಧಿಕೃತವೆಂದು ಒಪ್ಪಿಕೊಂಡದ್ದು ಆ ವಿನ್ಯಾಸವನ್ನೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ. ಹಾಗಾಗಿ ನಾಡು ಅವರನ್ನು ಪೂರ್ತಿ ಮರೆತಿದೆ ಎಂದರೆ ಅನ್ಯಾಯವಾದೀತು. ತಕರಾರು ಇರುವುದು ಬೇರೆ ಕಡೆ: ಸಾಹಿತ್ಯ, ಭಾಷೆ, ಮುದ್ರಣದ ಸಾಲಿನಲ್ಲಿ ಅವರಿಗೆ ಕುರ್ಚಿ ಹಾಕುತ್ತೇವೆ. ಕಂಪ್ಯೂಟರ್ ಜಾಲದ ಚರಿತ್ರೆ ಹೇಳುವಾಗ ಆ ಕುರ್ಚಿ ಮಾಯವಾಗುತ್ತದೆ.

ಕೀಲಿಮಣೆಗೂ ಜಾಲಕ್ಕೂ ಏನು ಸಂಬಂಧ ಎಂದು ಎಂಜಿನಿಯರಿಂಗ್ ಓದಿದ ಹುಡುಗರು ಕೇಳುತ್ತಾರೆ. ಅವರ ಲೆಕ್ಕದಲ್ಲಿ ಜಾಲವೆಂದರೆ ತಂತಿ, ಗೋಪುರ, ಉಪಗ್ರಹ. ಉತ್ತರಕ್ಕೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದವರೆಗೆ ಹೋಗಿಬಂದರಾಯಿತು. ಕಾರ್ಕಳಕ್ಕೆ ನಲ್ವತ್ತು ಪುಟದ ಕಡತ ಮುಟ್ಟಿಸಬೇಕು. ಒಂದು ಬಸ್ಸನ್ನೇ ಇಡಿಯಾಗಿ ಬಾಡಿಗೆಗೆ ಹಿಡಿಯಬಹುದು. ಹಳೆಯ ಟ್ರಂಕ್ ಕಾಲ್ ನಡೆಯುತ್ತಿದ್ದುದು ಹಾಗೆ, ಮಾತಾಡಿದರೂ ಸುಮ್ಮನಿದ್ದರೂ ಆ ದಾರಿ ನಿಮ್ಮದೇ. ಅಥವಾ ಐದೈದು ಪುಟದ ಎಂಟು ಲಕೋಟೆ ಮಾಡಿ, ಮೇಲೆ ವಿಳಾಸ ಮತ್ತು ಕ್ರಮಸಂಖ್ಯೆ ಬರೆದು, ಸಿಕ್ಕಿದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡಬಹುದು. ಒಂದು ಮೂಡಬಿದಿರೆಯಿಂದ ಹೋಗುತ್ತದೆ, ಇನ್ನೊಂದು ಪಡುಬಿದ್ರಿ ಸುತ್ತಿ ಹೋಗುತ್ತದೆ, ಮೂರನೆಯದು ಮೊದಲೇ ತಲುಪುತ್ತದೆ. ಕಾರ್ಕಳದಲ್ಲಿ ಇಳಿಸಿಕೊಳ್ಳುವವರು ಸಂಖ್ಯೆ ನೋಡಿ ಜೋಡಿಸುತ್ತಾರೆ, ಕಳೆದುಹೋದದ್ದನ್ನು ಮತ್ತೆ ಕೇಳುತ್ತಾರೆ. ಇಂಟರ್‌ನೆಟ್ಟಿನ ಮೂಲ ಉಪಾಯ ಇಷ್ಟೇ. ಆದರೆ ಲಕೋಟೆ ಒಡೆದಾಗ ಒಳಗಿನ ಅಕ್ಷರ ಕಾರ್ಕಳದವರಿಗೆ ಓದಲು ಬರದಿದ್ದರೆ ಎಂಟಕ್ಕೆ ಎಂಟೂ ತಲುಪಿ ಏನು ಬಂತು? ಕಳಿಸುವವರೂ ಪಡೆಯುವವರೂ ಒಂದೇ ಅಕ್ಷರಕ್ಕೆ ಒಂದೇ ಸಂಖ್ಯೆ ಎಂದು ಮೊದಲೇ ಮಾತಾಡಿಕೊಂಡಿರಬೇಕು. ಆ ಒಪ್ಪಂದ ಮಾಡಿಸುವುದೂ, ಅದಕ್ಕೆ ಹೊಂದುವಂತೆ ಬೆರಳಿಗೆ ದಾರಿ ತೋರಿಸುವುದೂ ಜಾಲ ಕಟ್ಟುವ ಕೆಲಸವೇ.

ಒಪ್ಪಂದ ಮಾಡಿಸಿದವರ ಹೆಸರು ಉಳಿಯುವುದು ಕಷ್ಟ. ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಲಕೋಟೆಗಳನ್ನು ದಾರಿಯಲ್ಲಿ ಯಾರೂ ಜೋಡಿಸಬೇಕಿಲ್ಲ, ಕೊನೆಯಲ್ಲಿ ಪಡೆಯುವವನೇ ಆ ಹೊಣೆ ಹೊರಲಿ ಎಂಬ ಮಾತನ್ನು 1970ರ ದಶಕದಲ್ಲಿ ಮಾಡಿ ತೋರಿಸಿದ ಫ್ರಾನ್ಸಿನ ಲೂಯಿ ಪೂಜಾಂ ತಮ್ಮ ದೇಶದಲ್ಲೇ ಸೋತರು. ಅವರ ಸಿಕ್ಲಾಡ್ ಜಾಲಕ್ಕೆ ಸರಕಾರ ಹಣ ನಿಲ್ಲಿಸಿತು, ಟೆಲಿಫೋನ್ ಇಲಾಖೆಯ ಬೇರೊಂದು ಪದ್ಧತಿ ಗೆದ್ದಿತು. ಅಮೆರಿಕದವರು ಆ ವಿಚಾರವನ್ನು ತಮ್ಮ ಜಾಲಕ್ಕೆ ಎತ್ತಿಕೊಂಡರು. ಪೂಜಾಂ ಅವರಿಗೆ ರಾಣಿ ಎಲಿಜಬೆತ್ ಹೆಸರಿನ ಎಂಜಿನಿಯರಿಂಗ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿದ್ದು 2013ರಲ್ಲಿ, ಎಂಬತ್ತು ದಾಟಿದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆ 1972ರಿಂದ ಜಾಲದ ವಿಳಾಸ ಪುಸ್ತಕವನ್ನು ಕಾಯುತ್ತಿದ್ದರು. ಹೊಸ ಕಂಪ್ಯೂಟರ್ ಜಾಲಕ್ಕೆ ಸೇರಬೇಕೆಂದರೆ ಹೆಸರು ಬರೆಸಬೇಕಾದದ್ದು ಅವರ ತಂಡದ ಬಳಿ. ಹಂಪನಕಟ್ಟೆಯಲ್ಲಿ ನಿಂತು ಟ್ರಂಕ್ ಕಾಲ್ ಬುಕ್ ಮಾಡಿದವರಿಗೆ ಟೆಲಿಫೋನ್ ಇಲಾಖೆಯ ಇಂಥ ಮಹಿಳೆಯರ ಸ್ವರ ಚೆನ್ನಾಗಿ ನೆನಪಿದೆ, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಅಂಗಡಿ ಬೋರ್ಡಿನ ಮೇಲೂ ಕಾಣುವ 'ಡಾಟ್ ಕಾಂ' ಬಾಲ ಗಟ್ಟಿಯಾದದ್ದು ಫೈನ್ಲರ್ ಅವರ ತಂಡದ ಕಾಲದಲ್ಲಿ. ಇನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತ ಸಾಗಿಸುವ ಎಫ್‌ಟಿಪಿ ನಿಯಮವನ್ನು 1971ರಲ್ಲಿ ಬರೆದ ಅಭಯ್ ಭೂಷಣ್, ಐಐಟಿ ಕಾನ್ಪುರದ ಮೊದಲ ತಂಡದ ವಿದ್ಯಾರ್ಥಿ. ಕಂಪ್ಯೂಟರ್ ಸೈನ್ಸ್ ಓದುವ ಎಷ್ಟು ಮಕ್ಕಳಿಗೆ ಇದು ಗೊತ್ತು?

ಭಾರತದ ಕಥೆ ಹೇಳುವಾಗ ಎಲ್ಲರೂ 1995ರ ಆಗಸ್ಟ್ 15ರಿಂದ ಶುರು ಮಾಡುತ್ತಾರೆ. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದ ದಿನ ಅದು. ಮದುವೆಯ ಊಟದ ಪಂಕ್ತಿಯಿಂದಲೇ ಮದುವೆ ಶುರುವಾಯಿತು ಎಂದ ಹಾಗೆ. ಅಡುಗೆಯವರು ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಒಲೆ ಹಚ್ಚಿದ್ದರು. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಮೊದಲಾಯಿತು. ಅದರಲ್ಲಿ ಎಂಟು ಪಾಲುದಾರರು: ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಅಂದರೆ ಎನ್‌ಸಿಎಸ್‌ಟಿ, ಮತ್ತು ದೆಹಲಿಯಲ್ಲಿ ಇಲಾಖೆ ತಾನೇ. ಮೊದಮೊದಲು ನಡೆದದ್ದು ಟೆಲಿಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕರೆ ಮಾಡಿ, ಆತನಕ ಸೇರಿದ ಪತ್ರಗಳನ್ನೆಲ್ಲ ಒಂದೇ ಸಲ ಸುರಿಯುವ ಕೆಲಸ. ಅಂಚೆ ಚೀಲವನ್ನು ರಾತ್ರಿ ಬಸ್ಸಿಗೆ ಹಾಕಿದ ಹಾಗೆ. ಲೈನ್ ನಡುವೆ ಕಡಿದರೆ ಮತ್ತೆ ಮೊದಲಿಂದ.

ಎನ್‌ಸಿಎಸ್‌ಟಿಯನ್ನು ಮುನ್ನಡೆಸಿದ ಶ್ರೀನಿವಾಸನ್ ರಮಣಿ ಅದಕ್ಕೂ ಮೊದಲೇ, 1982ರಲ್ಲಿ, ರಿಚರ್ಡ್ ಮಿಲ್ಲರ್ ಜೊತೆ ಸೇರಿ ಒಂದು ವಿಚಿತ್ರ ಪ್ರಸ್ತಾವ ಮುಂದಿಟ್ಟಿದ್ದರು. ಭೂಮಧ್ಯರೇಖೆಯ ಮೇಲೆ ತೀರ ಕೆಳಗೆ ಸುತ್ತುವ ಒಂದು ಸಣ್ಣ ಉಪಗ್ರಹ ಒಂದು ಊರಿನ ಮೇಲೆ ಹಾದುಹೋಗುವಾಗ ಪತ್ರಗಳನ್ನು ಎತ್ತಿಕೊಂಡು, ಇನ್ನೊಂದು ಊರಿನ ಮೇಲೆ ಬಂದಾಗ ಇಳಿಸುವುದು. ದೊಡ್ಡ ದೊಡ್ಡ ಆಂಟೆನಾ ಕೊಳ್ಳಲಾಗದ ಬಡ ದೇಶಗಳಿಗೆ ಕಂಪ್ಯೂಟರ್ ಅಂಚೆ ಸಿಗಬೇಕು ಎನ್ನುವುದು ಆ ಯೋಚನೆಯ ಬೇರು. ಕೆಳಗಿನ ಕಕ್ಷೆಯಲ್ಲಿ ಸಾವಿರಾರು ಉಪಗ್ರಹ ಹಾರಿಸಿ ಇಂಟರ್‌ನೆಟ್ ಮಾರುವವರ ಸುದ್ದಿ ಪ್ರತಿವಾರ ಪತ್ರಿಕೆಯಲ್ಲಿ ಬರುವ ಈ ದಿನಗಳಲ್ಲಿ ಆ ಪ್ರಬಂಧದ ಮಾತು ಯಾರೂ ಎತ್ತುವುದಿಲ್ಲ. ರಮಣಿ ಅವರ ಹೆಸರು 2014ರಲ್ಲಿ ಅಂತರರಾಷ್ಟ್ರೀಯ 'ಇಂಟರ್‌ನೆಟ್ ಹಾಲ್ ಆಫ್ ಫೇಮ್'ಗೆ ಸೇರಿತು. ಭಾರತದ ವಿಳಾಸಗಳ ಕೊನೆಯಲ್ಲಿ ಬರುವ 'ಡಾಟ್ ಇನ್' 1989ರಲ್ಲಿ ನೋಂದಣಿಯಾಗಿ ಮೊದಲು ಇದ್ದದ್ದು ಅವರ ಸಂಸ್ಥೆಯ ಸುಪರ್ದಿಯಲ್ಲೇ.

ಇಷ್ಟೆಲ್ಲ ಐಐಟಿಗಳ ಒಳಗಿನ ಮಾತಾಯಿತು. ಊರಿನ ಜನರಿಗೆ ಜಾಲ ತಲುಪಿದ್ದು ಬೇರೆ ದಾರಿಯಲ್ಲಿ, ಟೆಲಿಫೋನಿನ ಮೂಲಕ, ಅದೂ ಕರ್ನಾಟಕದಿಂದಲೇ.

ದೇಶಕ್ಕೆ ಬೇಕಾದ ಟೆಲಿಫೋನ್ ತಂತ್ರಜ್ಞಾನ ರೂಪಿಸಲು 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಗೆ ಸರಕಾರ ಕೊಟ್ಟದ್ದು 36 ತಿಂಗಳ ಗಡುವು, 36 ಕೋಟಿ ರೂಪಾಯಿ. ಅಲ್ಲಿ ತಯಾರಾದ 128 ಲೈನುಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ಮೊಟ್ಟಮೊದಲು ಕೂಡಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಆ ಪೆಟ್ಟಿಗೆಯ ದೊಡ್ಡತನ ಅದರ ಲೈನುಗಳ ಸಂಖ್ಯೆಯಲ್ಲಿ ಇರಲಿಲ್ಲ. ಹೊರದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕು, ಧೂಳು ಆಗದು, ಕರೆಂಟು ಹೋಗಬಾರದು. ಕಿತ್ತೂರಿನಲ್ಲಿ ಈ ಮೂರೂ ನಡೆಯುವ ಮಾತಲ್ಲ. ಹಾಗಾಗಿ ಎಸಿ ಇಲ್ಲದೆ, ಕಡಿಮೆ ಶಕ್ತಿಯಲ್ಲಿ, ಬಿಸಿಲು ಧೂಳುಗಳ ನಡುವೆಯೇ ಓಡುವಂತೆ ಅದನ್ನು ಮೊದಲಿನಿಂದ ಹೊಸದಾಗಿ ಯೋಚಿಸಿ ಮಾಡಿದರು. ಕೆಟ್ಟರೆ ಇಡೀ ಕಾರ್ಡನ್ನೇ ಕಿತ್ತು ಬೇರೆ ಹಾಕುವಂತೆ ಮಾಡಿದ್ದರಿಂದ ರಿಪೇರಿಗೆ ದೊಡ್ಡ ಎಂಜಿನಿಯರ್ ಬರಬೇಕಾಗಿರಲಿಲ್ಲ. ಹೊರಗಿನಿಂದ ನೋಡಿದರೆ ಟೆಲಿಫೋನು, ಒಳಗೆ ಕುಳಿತಿದ್ದದ್ದು ಮೈಕ್ರೊಪ್ರೊಸೆಸರ್. ಕರ್ನಾಟಕದ ಹಳ್ಳಿಗೆ ಬಂದ ಮೊದಲ ಸಾರ್ವಜನಿಕ ಕಂಪ್ಯೂಟರುಗಳಲ್ಲಿ ಅದೂ ಒಂದು ಎಂದರೆ ಅತಿಶಯೋಕ್ತಿಯಲ್ಲ.

ಸಿ-ಡಾಟ್ ಎಂದೊಡನೆ ಸ್ಯಾಮ್ ಪಿತ್ರೋಡಾ ಎನ್ನುತ್ತಾರೆ. ಸರಿಯೇ, ತೇರು ಎಳೆಯಲು ಮುಂದೆ ನಿಂತವರು ಅವರು. ಆದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಎಕ್ಸ್‌ಚೇಂಜಿನ ಒಡಲನ್ನು ರೂಪಿಸಿದ ಎಂ. ವಿ. ಪಿಟ್ಕೆ, ದೂರಸಂಪರ್ಕ ಇಲಾಖೆಯಿಂದ ಬಂದು ಆಡಳಿತ ಹೊತ್ತ ಜಿ. ಬಿ. ಮೀಮಾಂಸಿ ಇವರ ಹೆಸರು ಎಷ್ಟು ಜನರ ಕಿವಿಗೆ ಬಿದ್ದಿದೆ? ಮುಂಬಯಿಯಲ್ಲೊಬ್ಬ, ದುಬೈಯಲ್ಲೊಬ್ಬ ಮಗನಿದ್ದ ಕರಾವಳಿಯ ಮನೆಗಳಿಗೆ ಇಂಥ ಎಕ್ಸ್‌ಚೇಂಜುಗಳ ಬೆನ್ನಿಗೆ ಬಂದ ಎಸ್‌ಟಿಡಿ ಬೂತ್ ಏನಾಗಿತ್ತು ಎಂಬುದನ್ನು ವಿವರಿಸಬೇಕಾಗಿಲ್ಲ. ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ನಿಂತವರು ಇನ್ನೂ ಇದ್ದಾರೆ. ಆಮೇಲೆ ಅದೇ ಬೂತುಗಳಲ್ಲಿ ಕೆಲವು ಒಂದೆರಡು ಕಂಪ್ಯೂಟರ್ ಇಟ್ಟು, ಪರದೆ ಕಟ್ಟಿ, ಸೈಬರ್ ಕೆಫೆಗಳಾದವು. ಗಲ್ಫಿನ ಗಂಡನ ಮುಖವನ್ನು ಹೆಂಡತಿ ಬಿಟ್ಟುಬಿಟ್ಟು ಬರುವ ಚಿತ್ರದಲ್ಲಿ ನೋಡಿದ್ದು ಅಲ್ಲಿ.

ಸರಕಾರಿ ಸಂಬಳದ ಎಂಜಿನಿಯರುಗಳ ಸಾಲಿನಲ್ಲಿ ಇನ್ನೊಬ್ಬರು ಎನ್. ಶೇಷಗಿರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಿದವರು, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸ್ಥಾಪಕ ಮಹಾನಿರ್ದೇಶಕರು. ಜಿಲ್ಲೆಗಳ ಟೆಲಿಫೋನ್ ಲೈನನ್ನು ನಂಬಿದರೆ ಕೆಲಸ ಕೆಟ್ಟಿತೆಂದು ತಿಳಿದು ಉಪಗ್ರಹದ ಮೂಲಕವೇ ಜಿಲ್ಲಾ ಕೇಂದ್ರಗಳನ್ನು ದೆಹಲಿಗೆ ಜೋಡಿಸುವ ನಿಕ್‌ನೆಟ್ ಕಟ್ಟಿದರು. ಮುಂದೆ ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ತಂತ್ರಾಂಶ ಬರೆದದ್ದೂ ಇದೇ ಕೇಂದ್ರದ ಬೆಂಗಳೂರಿನ ತಂಡ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು. ಶೇಷಗಿರಿ 2013ರಲ್ಲಿ ತೀರಿಕೊಂಡರು.

ಇವರ್ಯಾರ ಚಿತ್ರವೂ ನಮ್ಮ ಕಣ್ಣಿಗೆ ಕಟ್ಟಿಲ್ಲ. ಕಟ್ಟಿರುವುದು ಎತ್ತಿನ ಗಾಡಿ! 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂತೆಂಬ ಕಥೆಯನ್ನು ಐಟಿ ಸಮಾವೇಶಗಳಲ್ಲಿ ಹೇಳಿ ಹೇಳಿ ಗಾಡಿಯ ಚಕ್ರವೇ ಸವೆದಿದೆ. ಕಥೆ ಚೆನ್ನಾಗಿದೆ, ತಕರಾರಿಲ್ಲ. ಆದರೆ ಕಂಪನಿಗಳಿಗೆ ತಮ್ಮ ಚರಿತ್ರೆ ಬರೆಸಲು ಪ್ರಚಾರ ವಿಭಾಗ ಇರುತ್ತದೆ. ಇಲಾಖೆಯಲ್ಲಿ ದುಡಿದವರಿಗೆ ನಿವೃತ್ತಿಯ ದಿನ ಒಂದು ಶಾಲು, ಹಾರ, ಫಲತಾಂಬೂಲ. ನಮ್ಮ ಜಾಲದ ಚರಿತ್ರೆ ಕಂಪನಿಗಳ ಚರಿತ್ರೆಯಾಗಿಬಿಟ್ಟಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಇನ್ನು ಅಕ್ಷರದ ಕಡೆಗೆ ಮರಳಬಹುದು. ಜಾಲ ಬಂತು, ಆದರೆ ಅದರಲ್ಲಿ ಹರಿಯುತ್ತಿದ್ದದ್ದು ಇಂಗ್ಲಿಷ್. ಅಮೆರಿಕದವರು 1963ರಲ್ಲಿ ಮಾಡಿಕೊಂಡ ಆಸ್ಕಿ ಸಂಕೇತದಲ್ಲಿ ಇದ್ದದ್ದು 128 ಜಾಗ. ಕನ್ನಡಕ್ಕೆ ಅಲ್ಲಿ ಒಂದು ಮೂಲೆಯೂ ಇರಲಿಲ್ಲ. ಹೊರದೇಶದಲ್ಲಿದ್ದ ಕನ್ನಡಿಗರು 'ಹೇಗಿದ್ದೀರಿ' ಎಂಬುದನ್ನೂ ಇಂಗ್ಲಿಷ್ ಲಿಪಿಯಲ್ಲಿ ಕುಟ್ಟುತ್ತಿದ್ದರು. ಮಗ ಬರೆದ ಮಿಂಚಂಚೆಯನ್ನು ಅಮ್ಮ ಓದಲಾರಳು, ಯಾರಾದರೂ ಓದಿ ಹೇಳಬೇಕು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕುವ ಇಸ್ಕಿ ಸಂಕೇತ ಬಂತು. ಅದರ ಹಿಂದಿನ ಮೋಹನ್ ತಾಂಬೆ ಅವರದ್ದೂ ಇಂಥದೇ ಮರೆತ ಹೆಸರು. ಇಸ್ಕಿ 1991ರಲ್ಲಿ ಭಾರತೀಯ ಮಾನಕವಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಸಂಖ್ಯೆ ಕೊಡುವ, ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗ ಸಿಕ್ಕಿತು. ಕಾಗದದ ಮೇಲೆ ಸಿಕ್ಕಿದ ಜಾಗ ಪರದೆಗೆ ಬರಲು ಮತ್ತೆ ಹತ್ತು ವರ್ಷ ಹಿಡಿಯಿತು. ಸಾಮಾನ್ಯ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಯೂನಿಕೋಡ್ ನೆಟ್ಟಗೆ ಕಾಣಿಸಿದ್ದು 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ, ಅದರೊಳಗಿನ 'ತುಂಗಾ' ಎಂಬ ಫಾಂಟಿನಿಂದ.

ಆ ಹತ್ತು ವರ್ಷಗಳ ನಡುವೆ, 1996ರಲ್ಲಿ, ಕನ್ನಡದ ಮೊದಲ ಅಂತರಜಾಲ ತಾಣ 'ವಿಶ್ವಕನ್ನಡ' ತೆರೆಯಿತು. ತೆರೆದವರು ಸುಳ್ಯ ತಾಲೂಕಿನ ಬೆಳ್ಳಾರೆ ಕಡೆಯ ಯು. ಬಿ. ಪವನಜ, ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಆ ಕಾಲದಲ್ಲಿ ಕನ್ನಡ ಪುಟ ಪ್ರಕಟಿಸುವುದೆಂದರೆ ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸುವುದು. ವೇಷದ ಪೆಟ್ಟಿಗೆ, ಅಂದರೆ ಅದೇ ಫಾಂಟು, ಓದುಗರ ಕಂಪ್ಯೂಟರಿನಲ್ಲೂ ಇದ್ದರೆ ಯಕ್ಷಗಾನ. ಇಲ್ಲದಿದ್ದರೆ ಪರದೆ ತುಂಬ ಚುಕ್ಕಿ, ಗೀಟು, ಡಾಲರ್ ಚಿಹ್ನೆ. ಒಬ್ಬೊಬ್ಬರದ್ದು ಒಂದೊಂದು ಫಾಂಟು, ಒಂದೊಂದು ಸಂಕೇತ. ಒಂದು ಪತ್ರಿಕಾ ಕಚೇರಿಯ ಕಡತ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಮೊದಲು ಹೇಳಿದ ಕಾರ್ಕಳದ ಲಕೋಟೆಯ ಅವಸ್ಥೆ ಇದೇ. ತಂತಿ ಸರಿಯಿತ್ತು, ಒಪ್ಪಂದ ಇರಲಿಲ್ಲ.

ಕೆ. ಪಿ. ರಾವ್ ಮಾಡಿದ ಕೆಲಸದ ತೂಕ ಇಲ್ಲಿ ತಿಳಿಯುತ್ತದೆ. ಟೈಪ್‌ರೈಟರಿಗೆ ಅನಂತ ಸುಬ್ಬರಾವ್ ರೂಪಿಸಿದ ಕೀಲಿಮಣೆ ಅಕ್ಷರದ ಆಕಾರವನ್ನು ತುಂಡು ಮಾಡಿ ಹಂಚಿತ್ತು. ಲೋಹದ ಕಡ್ಡಿ ಕಾಗದಕ್ಕೆ ಬಡಿಯುವ ಯಂತ್ರಕ್ಕೆ ಅದೇ ಸರಿ. ಕಂಪ್ಯೂಟರಿಗೆ ಆಕಾರ ಬೇಡ, ಕ್ರಮ ಬೇಕು. ಮೊದಲು ವ್ಯಂಜನ, ಆಮೇಲೆ ಸ್ವರ. ಸ್ವರ ಹೇಳದಿದ್ದರೆ ಅದು ಅಕಾರ. ಸ್ವರವೇ ಬೇಡವಾದರೆ ಎಫ್. ಮಗುವಿಗೆ ಕಾಗುಣಿತ ಕಲಿಸುವಾಗ ಇರುವ ತರ್ಕವೇ ಇದು. ಬೆರಳು ಉಚ್ಚಾರಣೆಯ ಕ್ರಮದಲ್ಲಿ ಹೋದರೆ ಆಕಾರ ಕೂಡಿಸುವ ತಲೆನೋವು ಯಂತ್ರದ್ದು. ಹೀಗೆ ಉಚ್ಚಾರಣೆಯ ಕ್ರಮದಲ್ಲಿ ಕೂಡಿಟ್ಟ ಕನ್ನಡ ಯೂನಿಕೋಡಿನ ಕ್ರಮಕ್ಕೂ ಸಲೀಸಾಗಿ ಹೊಂದಿಕೊಂಡಿತು, ಏಕೆಂದರೆ ಅದೂ ನಡೆಯುವುದು ಉಚ್ಚಾರಣೆಯ ಹಾದಿಯಲ್ಲೇ. ಜಾಲದಲ್ಲಿ ಕನ್ನಡ ಓಡಾಡಲು ಬೇಕಾದ ಶಿಸ್ತನ್ನು ಬೆರಳುಗಳು ಮೊದಲೇ ಕಲಿತಿದ್ದವು.

ತಮ್ಮ ತಂತ್ರಾಂಶಕ್ಕೆ ಅವರು 'ಸೇಡಿಯಾಪು' ಎಂದು ಹೆಸರಿಟ್ಟರು. ಮಂಗಳೂರಿನಲ್ಲಿ ಪಾಠ ಹೇಳಿದ, ಛಂದಸ್ಸಿನ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು. ತಂತ್ರಾಂಶವನ್ನು ಮಾರಲಿಲ್ಲ, ಬೇಕಾದವರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಮಾರಿದ್ದರೆ ಕಂಪನಿಯಾಗುತ್ತಿತ್ತು, ಕಂಪನಿಯಾದರೆ ಚರಿತ್ರೆಯಾಗುತ್ತಿತ್ತು. ಕೊಟ್ಟದ್ದರಿಂದ ಅದು ಗಾಳಿ ನೀರಿನ ಹಾಗೆ ಎಲ್ಲರದ್ದೂ ಆಯಿತು, ಹೆಸರು ಕರಗಿತು.

ಹಾಗೆಂದು ಮಂಗಳೂರು ಅಕ್ಷರದ ಚರಿತ್ರೆಯನ್ನು ಕಡೆಗಣಿಸುವ ಊರಲ್ಲ. 1841ರಲ್ಲಿ ಬಲ್ಮಠದಲ್ಲಿ ಬಾಸೆಲ್ ಮಿಶನ್ ಕಲ್ಲಚ್ಚಿನ ಮುದ್ರಣ ಆರಂಭಿಸಿದ್ದು, 1843ರ ಜುಲೈಯಲ್ಲಿ ಹರ್ಮನ್ ಮೊಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದ್ದು, 1894ರಲ್ಲಿ ಕಿಟೆಲರ ನಿಘಂಟು ಇಲ್ಲೇ ಅಚ್ಚಾದದ್ದು ಶಾಲಾ ಮಕ್ಕಳಿಗೂ ಗೊತ್ತು. ಪ್ರತಿ ಪತ್ರಿಕಾ ದಿನಾಚರಣೆಯಲ್ಲೂ ಮೊಗ್ಲಿಂಗರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಬೀಳಲಿ. ಆದರೆ ಅಚ್ಚಿನ ಮೊಳೆಯಿಂದ ಯೂನಿಕೋಡಿನವರೆಗಿನ ದಾರಿಯಲ್ಲಿ ನಡೆದವರು ಇದೇ ಜಿಲ್ಲೆಯವರಾಗಿದ್ದೂ ಕಥೆ 1894ಕ್ಕೇ ನಿಲ್ಲುವುದು ಏಕೆ? ಇನ್ನೊಂದು ಕಡೆ, ಇನ್ಫೊಸಿಸ್ ಕೊಟ್ಟಾರದಲ್ಲಿ ಕಚೇರಿ ತೆರೆದ ತೊಂಬತ್ತರ ದಶಕದಿಂದ ಈ ಊರು ತನ್ನನ್ನು ಐಟಿ ನಗರ ಎಂದು ಕರೆದುಕೊಳ್ಳಲು ಹವಣಿಸುತ್ತಿದೆ. ಬೆಂಗಳೂರಿನ ಚಿಕ್ಕ ತಮ್ಮನಾಗಲು ಸಮಾವೇಶದ ಮೇಲೆ ಸಮಾವೇಶ. ತನ್ನದೇ ಅಂಗಳದ ಕಥೆ ಗೊತ್ತಿದ್ದರೆ ತಮ್ಮನಾಗುವ ದರ್ದು ಇರುತ್ತಿರಲಿಲ್ಲ.

ಪ್ರತಿಮೆ, ವೃತ್ತ, ರಸ್ತೆಗೆ ಹೆಸರು ಇವೆಲ್ಲ ಬೇಕಾಗಿಲ್ಲ. ರಸ್ತೆಯ ಹೆಸರಿಗೆ ಜಗಳವಾಡಲು ಈ ಊರಿನಲ್ಲಿ ಬೇರೆ ಜನ ಇದ್ದಾರೆ. ಬೇಕಾದದ್ದು ಒಂದು ಧ್ವನಿಮುದ್ರಣ ಯಂತ್ರ, ತಾಳ್ಮೆಯ ನಾಲ್ಕು ವಿದ್ಯಾರ್ಥಿಗಳು. ಟೆಲಿಫೋನ್ ಇಲಾಖೆಯಲ್ಲಿ ಕೈಯಿಂದ ತಿರುಗಿಸುವ ಎಕ್ಸ್‌ಚೇಂಜಿನಿಂದ ಡಿಜಿಟಲ್‌ವರೆಗೆ ದುಡಿದ ಲೈನ್‌ಮನ್‌ಗಳು, ಬ್ಯಾಂಕುಗಳ ಮೊದಲ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆದ ನೌಕರರು, ಮೊದಲ ಸೈಬರ್ ಕೆಫೆ ಇಟ್ಟವರು, ಪತ್ರಿಕಾ ಕಚೇರಿಗಳಲ್ಲಿ ಮೊಳೆ ಬಿಟ್ಟು ಕೀಲಿಗೆ ಬಂದ ಅಕ್ಷರ ಜೋಡಣೆಯವರು, ಇವರೆಲ್ಲ ಈಗ ಅರುವತ್ತು, ಎಪ್ಪತ್ತು ದಾಟುತ್ತಿದ್ದಾರೆ. ಅವರ ಮೋಡೆಮ್‌ಗಳು ಗುಜರಿ ಸೇರಿಯಾಗಿದೆ, ಕಡತಗಳು ಗೆದ್ದಲಿಗೆ. ಬಾಯಲ್ಲಿ ಉಳಿದದ್ದನ್ನಾದರೂ ದಾಖಲಿಸಬಹುದು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಯಂತ್ರ ಬಲ್ಲವರಿದ್ದಾರೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಬಲ್ಲವರಿದ್ದಾರೆ. ಎರಡರ ನಡುವೆ ಬಸ್ಸಿಗೆ ಏನೂ ಬರವಿಲ್ಲ.

ಅವಸರಕ್ಕೆ ಇನ್ನೂ ಒಂದು ಕಾರಣ ಇದೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೇ ಆವೃತ್ತಿ ಬಂದಾಗ ತುಳು-ತಿಗಳಾರಿ ಲಿಪಿ ಅದರೊಳಗೆ ಸೇರಿತು. ತಾಳೆಗರಿಯಲ್ಲಿ ಉಳಿದಿದ್ದ ಅಕ್ಷರಗಳಿಗೆ ಕೊನೆಗೂ ಸಂಖ್ಯೆ ಸಿಕ್ಕಿದೆ. ಇನ್ನು ಅವಕ್ಕೆ ಒಳ್ಳೆಯ ಫಾಂಟುಗಳು ಬೇಕು, ಫೋನಿನ ಪರದೆಯಲ್ಲಿ ಚೌಕ ಡಬ್ಬಿಯಾಗದೆ ಕಾಣಿಸಬೇಕು, ಯಾವ ಅಕ್ಷರ ಯಾವ ಕೀಲಿಯ ಮೇಲೆ ಎಂಬ ಜಗಳ ತೀರಬೇಕು. ಅದಕ್ಕಾಗಿ ಯಾರೋ ಕೆಲವರು ಸಂಬಳವಿಲ್ಲದೆ, ರಾತ್ರಿ ಹೊತ್ತಿನಲ್ಲಿ, ಮನೆಯವರ ಗೊಣಗಾಟ ಕೇಳುತ್ತ ಕೆಲಸ ಮಾಡುತ್ತಾರೆ. ಒತ್ತಕ್ಷರಕ್ಕೆ ಈ ಸಲ ಎಫ್ ಸಾಕಾಗುತ್ತದೋ ಬೇರೆ ಕೀಲಿ ಬೇಕೋ, ಅದನ್ನು ತೀರ್ಮಾನಿಸುವವರು ಅವರು. ಅವರ ಹೆಸರು ಮತ್ತು ಊರನ್ನು ತುಳು ಸಾಹಿತ್ಯ ಅಕಾಡೆಮಿ ಈಗಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮೂವತ್ತು ವರ್ಷದ ಮೇಲೆ ಯಾರೂ ಕಚೇರಿಯ ಗುಮಾಸ್ತರನ್ನು ಕೇಳಬೇಕಾಗುವುದಿಲ್ಲ.